ದೂರಕ್ಕೆಂದು ಕೊಂಡ ಲೆನ್ಸ್

ನನ್ನ ಮೊದಲ ನೆನಪೇ ಒಂದು ಭಯ. ಮೋಡ ಮುಸುಕಿದ ಯಾವುದೋ ದೂರದೇಶದ ಕಾರ್ಖಾನೆಯಲ್ಲಿ ಗಾಜಿನ ಬಿಲ್ಲೆಗಳನ್ನು ತಿಕ್ಕಿ ನುಣುಪು ಮಾಡಿ, ಒಂದರ ಹಿಂದೊಂದು ಕೂರಿಸಿ, ಕಪ್ಪು ಕೊಳವೆಯೊಳಗೆ ಬಿಗಿದರು. ಹಾಗೆ ನಾನು ಕ್ಯಾಮೆರಾದ ಲೆನ್ಸ್ ಆದೆ. ದೂರದ್ದನ್ನು ಹತ್ತಿರ ತರುವ ಜಾತಿಯದು. ಕೊನೆಗೆ ಒಬ್ಬ ಹೆಂಗಸು ನನ್ನನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದಳು. ಏನಾದರೂ ಕಂಡುಬಿಟ್ಟರೆ? ಒಂದು ಗೀರು, ಒಂದು ಗುಳ್ಳೆ? ಅವಳೇನೂ ಹೇಳದೆ ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಆ ಮೌನ ಒಪ್ಪಿಗೆಯೋ ಅಲ್ಲವೋ ಎಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ.

ನಾನು ವಿಜಯಪುರದ ಲಾಲಸಾಬರ ಸ್ಟುಡಿಯೊಗೆ ಬಂದಾಗ ಅವರ ಮೀಸೆ ಇನ್ನೂ ಕಪ್ಪಗಿತ್ತು. ಮದುವೆಗಳಲ್ಲಿ ವಧುವಿಗೆ ಗೊತ್ತಾಗದಂತೆ ಅವಳ ಮುಖ ಹಿಡಿಯಲು ಅವರು ನನ್ನನ್ನು ಬಳಸುತ್ತಿದ್ದರು. ಆಮೇಲೆ ರೀಲಿನ ಕಾಲ ಮುಗಿಯಿತು. ಹೊಸ ಕ್ಯಾಮೆರಾಗಳ ಬಾಯಿಗೆ ನನ್ನ ತಿರುಪು ಕೂಡುತ್ತಿರಲಿಲ್ಲ. ಗಾಜಿನ ಬೀರುವಿನಲ್ಲಿ ಪ್ಲಾಸ್ಟಿಕ್ ಹೂಗಳ ಪಕ್ಕ ಕೂತೆ. ಧೂಳು ಒಳಗೆ ಇಳಿಯುತ್ತಿದೆಯೇ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸವಾಯಿತು.

ಕಸ್ತೂರಿ ಬಂದದ್ದು ಆಗ. ಆಕೆ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹವ್ಯಾಸಕ್ಕೆಂದು ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡಿದ್ದಳು. ಮೊಬೈಲಿನ ಬೆಳಕನ್ನು ನನ್ನೊಳಗೆ ಬಿಟ್ಟು, ಆ ಕಡೆಯಿಂದ ಈ ಕಡೆಯಿಂದ ತಿರುಗಿಸಿ, ಎಷ್ಟು ಹೊತ್ತಾದರೂ ಕೆಳಗಿಡಲಿಲ್ಲ.

ಲಾಲಸಾಬರು ನಕ್ಕರು. “ಅಕ್ಕಾರ, ಲೆನ್ಸ್ ತಗೋತೀರೋ, ಇಲ್ಲಾ ಇದರ ರಕ್ತ ತಪಾಸಣಿ ಮಾಡ್ತೀರೋ?”

“ಒಳಗ ಬೂಷ್ಟು ಇರಬಾರದ್ ನೋಡ್ರಿ. ಬೂಷ್ಟು ಇದ್ರ ಉಳಿದ ಲೆನ್ಸಿಗೂ ಹತ್ತತೈತಂತ.”

“ನಿಮ್ಮ ಕಡೆ ಉಳಿದ ಲೆನ್ಸ್ ಎಷ್ಟ್ ಅದಾವ್ರಿ?”

“ಒಂದ,” ಎಂದಳು ಕಸ್ತೂರಿ. ಆದರೂ ನೋಡುವುದನ್ನು ಬಿಡಲಿಲ್ಲ.

ಅವಳ ಮನೆಗೆ ಹೋದ ಮೇಲೆ ಗೊತ್ತಾಯಿತು, ಆಕೆ ನನ್ನನ್ನು ಆರಿಸಲು ತಿಂಗಳುಗಟ್ಟಲೆ ನಿದ್ದೆ ಕೆಡಿಸಿಕೊಂಡಿದ್ದಳೆಂದು. ದೂರದ್ದನ್ನು ಹಿಡಿಯುವ ಹೊಸ ಲೆನ್ಸುಗಳು ಅವಳ ಕೈಗೆ ಎಟುಕುವಂಥವಲ್ಲ. ಎಟುಕುವಂಥದ್ದನ್ನು ಒಬ್ಬರು ಹೊಗಳಿದರೆ ಇನ್ನೊಬ್ಬರು ತೆಗಳುವ ವಿಡಿಯೋ ಸಿಗುತ್ತಿತ್ತು. ಎರಡನ್ನೂ ನೋಡುವಳು, ಮೂರನೆಯವರನ್ನು ಹುಡುಕುವಳು. ಗಂಡ ಶ್ರೀಶೈಲ ಊಟದ ತಟ್ಟೆಯ ಮುಂದೆ ಕೂತು ಹೇಳುತ್ತಿದ್ದ: “ಇಷ್ಟ್ ಪರೀಕ್ಷಾ ಮಾಡಿದ್ರ ನೀ ನನ್ನ ಮದಿವಿನs ಆಗ್ತಿದ್ದಿಲ್ಲ.”

ಕೊನೆಗೆ ಹಳೆಯ ಲೆನ್ಸೇ ಅಗ್ಗವೆಂದು ನಿರ್ಧರಿಸಿದಳು. ನನ್ನನ್ನು ಅವಳ ಕ್ಯಾಮೆರಾಕ್ಕೆ ಕೂಡಿಸಲು ನಡುವೆ ಒಂದು ಲೋಹದ ರಿಂಗ್ ಬೇಕಿತ್ತು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಪುಟ್ಟ ಗಾಜು ಇರುತ್ತದೆ, ಇನ್ನೊಂದು ಬರಿಯ ಬಳೆ. ಗಾಜಿದ್ದರೆ ಚಿತ್ರ ಮಂಕಾಗುತ್ತದೆ ಎಂದು ಎಲ್ಲರೂ ಬರೆದಿದ್ದರು. ಎಲ್ಲರೂ ಒಂದೇ ಮಾತು ಹೇಳಿದ್ದು ಅಪರೂಪವಾದ್ದರಿಂದ ಅವಳಿಗೆ ಧೈರ್ಯ ಬಂತು. ಬರಿಯ ಬಳೆಯನ್ನೇ ತರಿಸಿದಳು.

ಅಂಗಳದಲ್ಲಿ ನಾವು ಚೆನ್ನಾಗಿಯೇ ಇದ್ದೆವು. ದಾಸವಾಳದ ಎಸಳು, ಒಣಹಾಕಿದ ಮೆಣಸಿನಕಾಯಿ, ಗೋಡೆಯ ಮೇಲಿನ ಗುಬ್ಬಿ, ಎಲ್ಲವನ್ನೂ ಕೂದಲೆಳೆ ತಪ್ಪದೆ ಹಿಡಿದೆ. ಆದರೆ ನನ್ನನ್ನು ಕೊಂಡದ್ದು ಹೂವಿಗಲ್ಲ, ಮಗಳಿಗೆ.

ಮಗಳು ದಾನೇಶ್ವರಿ, ಮನೆಯಲ್ಲಿ ದಾನಿ, ಸೈಕಲ್ ರೇಸಿನ ಹುಡುಗಿ. ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದು ಓದುತ್ತ ಅಭ್ಯಾಸ ಮಾಡುತ್ತಿದ್ದಳು. ಹಿಂದೊಮ್ಮೆ ರೇಸಿನಲ್ಲಿ ರಸ್ತೆಯ ಪಕ್ಕ ಬಾಯಿಗೆ ಸೆರಗು ಒತ್ತಿ ನಿಂತಿದ್ದ ಅವ್ವನನ್ನು ನೋಡಿ, ಮುಂದಿನ ಸೈಕಲ್ಲಿಗೆ ತಾಗಿಸಿ ಬಿದ್ದಿದ್ದಳು. ಮೊಣಕೈಗೆ ಕಟ್ಟು ಕಟ್ಟಿಸಿಕೊಳ್ಳುತ್ತಲೇ ಹೇಳಿದಳಂತೆ: “ಇನ್ನ ಮ್ಯಾಲೆ ನೀ ಬರಬ್ಯಾಡವ್ವ. ನಿನ್ನ ಮಾರಿ ನೋಡಿದ್ರ ನಾ ಆಗ್ಲೇ ಬಿದ್ದೀನಿ ಅನಸ್ತದ.”

ಕಸ್ತೂರಿ ಮಾತು ಕೊಟ್ಟಳು. ಆದರೆ ನೋಡದೆ ಇರುವುದು ಅವಳಿಂದಾಗಲಿಲ್ಲ. ಮಗಳಿಗೆ ಕಾಣದಷ್ಟು ದೂರದಲ್ಲಿ ನಿಂತು ನೋಡಬಹುದಲ್ಲ? ಆ ಯೋಚನೆಯೇ ನನ್ನನ್ನು ಬೀರುವಿನಿಂದ ಇಳಿಸಿತ್ತು.

ಸೊಲ್ಲಾಪುರ ರಸ್ತೆಯಲ್ಲಿ ರೇಸ್ ಇದ್ದ ಬೆಳಿಗ್ಗೆ ಮುಚ್ಚಿದ್ದ ಒಂದು ಧಾಬಾದ ಮಾಳಿಗೆ ಹತ್ತಿ ನಿಂತೆವು. ಹುಡುಗಿಯರು ಒಂದು ಕಡೆ ಹೋಗಿ, ತಿರುಗಿ ಅದೇ ರಸ್ತೆಯಲ್ಲಿ ಬರಬೇಕಿತ್ತು. ಗುಂಪು ಕಾಣಿಸಿತು. ಚಿತ್ರ ಸ್ಪಷ್ಟವಾಗಲೆಂದು ಕಸ್ತೂರಿ ನನ್ನನ್ನು ತಿರುಗಿಸಿದಳು. ನಾನು ತಿರುಗಿದೆ, ಕೊನೆಯವರೆಗೂ. ಕಂಡದ್ದು ಬರೀ ಬಣ್ಣದ ಕಲೆಗಳು. ಹಳದಿ ಕಲೆ, ಕೆಂಪು ಕಲೆ. ಯಾವುದು ದಾನಿ? ಸೆರಗಿನಿಂದ ನನ್ನ ಮುಖ ಒರೆಸಿದಳು. ಮತ್ತೆ ತಿರುಗಿಸಿದಳು. ಇನ್ನು ಮುಂದೆ ಹೋಗಲು ನನ್ನಲ್ಲಿ ಜಾಗವಿರಲಿಲ್ಲ. ಗುಂಪು ದಾಟಿಹೋಯಿತು. ಆ ಕಲೆಗಳಲ್ಲಿ ಒಂದು ಬಿದ್ದಿದ್ದರೂ ನಮಗೆ ತಿಳಿಯುತ್ತಿರಲಿಲ್ಲ.

ಅಲ್ಲಿಂದಲೇ ಲಾಲಸಾಬರಿಗೆ ಫೋನು ಮಾಡಿ, ದೂರದ್ದೇನೂ ಕಾಣುತ್ತಿಲ್ಲ ಎಂದಳು.

“ಗಾಜಿನ ರಿಂಗ್ ಹಾಕೀರಿಲ್ಲೋ?”

“ಇಲ್ರೀ. ಗಾಜು ಇದ್ರ ಚಿತ್ರ ಮಂಕ ಆಗತೈತಿ ಅಂತ…”

“ಅಯ್ಯ ಅಕ್ಕಾರ! ಗಾಜು ಇಲ್ಲಂದ್ರ ನಿಮ್ಮ ಕ್ಯಾಮೆರಾದಾಗ ಅದು ದೂರದ್ದು ಹಿಡಿಯೂದs ಇಲ್ಲ. ಹತ್ತರ ಹೋಗ್ರಿ, ಅಂಗಳದಾಗ ನಿಂತವರನ್ನ ನೋಡಿದಷ್ಟು ಹತ್ತರ.”

“ಹತ್ತರ ಹೋಗಬಾರದಂತನs ಇದನ್ನ ತಗೊಂಡೀನ್ರಿ,” ಎಂದಳು. ದನಿ ಅಳುವಿನ ಅಂಚಿನಲ್ಲಿತ್ತು.

ಕೆಳಗೆ ಇಳಿದಳು. ರಸ್ತೆಯ ಕಡೆ ನಾಲ್ಕು ಹೆಜ್ಜೆ ಹಾಕಿದಳು, ನಿಂತಳು, ಹಿಂದೆ ಬಂದಳು, ಮತ್ತೆ ಹೋದಳು. ಮಗಳು ತನ್ನನ್ನು ನೋಡಿ ಮತ್ತೆ ಬಿದ್ದರೆ? ನೋಡದೆ ಮನೆಗೆ ಹೋದರೆ, ಆ ಇಡೀ ದಿನ ಹೇಗೆ ಕಳೆಯುವುದು? ಕೊನೆಗೆ ಒಂದು ಜಾಲಿಗಿಡದ ಪಕ್ಕ ನಿಂತು ಕ್ಯಾಮೆರಾವನ್ನು ಮುಖಕ್ಕೆ ಒತ್ತಿಕೊಂಡಳು. ಆಗ ನನಗೆ ಅರ್ಥವಾಯಿತು, ಅವಳು ನನ್ನ ಹಿಂದೆ ಅಡಗಿದ್ದಾಳೆ ಎಂದು. ನಾನು ಅಷ್ಟು ದೊಡ್ಡವನಲ್ಲ, ತಾಯಿ, ಎಂದು ಹೇಳಬೇಕೆನಿಸಿತು.

ಚಕ್ರಗಳ ಸದ್ದು ಬಂತು. ಮೊದಲು ಕಲೆಗಳು, ಆಮೇಲೆ ಆಕಾರಗಳು, ಆಮೇಲೆ ಒಮ್ಮೆಲೇ ದಾನಿ. ಹುಬ್ಬಿನ ಬೆವರು, ಕಚ್ಚಿದ ತುಟಿ, ಮೊಣಕೈಯ ಹಳೆಯ ಗಾಯದ ಗುರುತು. ಕಸ್ತೂರಿ ಗುಂಡಿ ಒತ್ತಿದಳು. ದಾನಿ ದಾಟಿಹೋದಳು. ಬೀಳಲಿಲ್ಲ.

ನಾಲ್ಕನೆಯವಳಾಗಿ ಬಂದಳು. ಬಹುಮಾನ ಮೂವರಿಗೆ ಮಾತ್ರ.

ಅಂದಿನಿಂದ ಕಸ್ತೂರಿ ಆ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡತೊಡಗಿದಳು. ಮಗಳ ಕಣ್ಣು ರಸ್ತೆಯ ಮೇಲಿದೆಯೇ, ತನ್ನ ಮೇಲಿದೆಯೇ? ಒಂದು ದಿನ ರಸ್ತೆ ಎನಿಸುವುದು, ಮರುದಿನ ಅಲ್ಲ ಎನಿಸುವುದು. ಅರೆಗಳಿಗೆ ಇತ್ತ ನೋಡಿದ್ದಕ್ಕೇ ಆ ಒಂದು ಸ್ಥಾನ ಹೋಯಿತೇ? ನಾನೇ ಹಿಡಿದ ಚಿತ್ರ, ಆದರೂ ನನಗೂ ತಿಳಿಯಲಿಲ್ಲ.

ದಾನಿ ರಜೆಗೆ ಬಂದಾಗ ಅವ್ವನ ಕಂಪ್ಯೂಟರಿನಲ್ಲಿ ಅದನ್ನು ಕಂಡಳು. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅಡ್ಡಿಯಿಲ್ಲವ್ವ, ನನ್ನ ಮೂಗಿನ ಹೊಳ್ಳಿ ಸುದ್ದಾ ಚಂದ ಬಂದಾವ.”

“ನೀ ನನ್ನ ನೋಡಿದೇನ್ ದಾನಿ? ಖರೇ ಹೇಳು.”

“ನೋಡದs ಏನ? ಅಷ್ಟ್ ದೂರದಾಗs ನೋಡೀನಿ. ಜಾಲಿಕಂಟಿ ಹಿಂದ ಇಳಕಲ್ ಸೀರಿ ಉಟಗೊಂಡು ಯಾರ್ ನಿಲ್ತಾರ?”

ಕಸ್ತೂರಿ ಕೈಯ ಹಿಟ್ಟು ಕೊಡವಿದಳು. “ಅದಕ್ಕs ನಾಲ್ಕನೇದು ಬಂತು…”

“ಕಾಲಾಗ ಶಕ್ತಿ ಮುಗದಿತ್ತು, ಅದಕ್ಕ ಬಂತು. ಎಲ್ಲಾದಕ್ಕೂ ನೀನs ಕಾರಣ ಆಗಬ್ಯಾಡ.” ದಾನಿ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು. “ಮುಂದಿನ ಸಲ ಬಾ. ಆದ್ರ ಹಂಗ ಉಸಿರು ಹಿಡಕೊಂಡು ನಿಲ್ಲಬ್ಯಾಡ. ಕೂಗು. ಉಳಿದವರ ಅವ್ವಂದಿರು ಹೆಂಗ ಕೂಗ್ತಾರ ನೋಡೀಯಿಲ್ಲ?”

“ನನಗ ಕೂಗಾಕ ಬರೂದಿಲ್ಲ.”

“ಕಲಿ.”

ಮುಂದಿನ ರೇಸಿನ ಬೆಳಿಗ್ಗೆ ಕಸ್ತೂರಿ ನನ್ನನ್ನು ಕ್ಯಾಮೆರಾಕ್ಕೆ ತಿರುಪಿದಳು. ಕನ್ನಡಿಯ ಮುಂದೆ ನಿಂತು ಕಣ್ಣಿಗೆ ಹಿಡಿದಳು. “ದಾನೀ” ಎಂದು ಮೆಲ್ಲಗೆ ಕೂಗಿ ನೋಡಿದಳು. ಮುಖಕ್ಕೆ ಕ್ಯಾಮೆರಾ ಒತ್ತಿಕೊಂಡವಳ ದನಿ ಅದಕ್ಕೇ ತಾಗಿ ನಿಂತಿತು. ಆಮೇಲೆ ನನ್ನನ್ನು ಬಿಚ್ಚಿ, ಮುಚ್ಚಳ ಹಾಕಿ, ಕಪಾಟಿನಲ್ಲಿಟ್ಟು ಹೋದಳು.

ಆ ದಿನದಷ್ಟು ಉದ್ದದ ದಿನ ನಾನು ಕಂಡಿಲ್ಲ. ಕತ್ತಲಲ್ಲಿ ಕೂತು ಕಾಣದ ರಸ್ತೆಯಲ್ಲಿ ಕಾಣದ ಚಕ್ರಗಳನ್ನು ಹುಡುಕಿದೆ. ಬಿದ್ದಳೇ? ಸಂಜೆ ಬೀಗ ತೆರೆದ ಸದ್ದಾಯಿತು. ಶ್ರೀಶೈಲ ಕೇಳಿದ: “ಏನಾತು? ಎಷ್ಟನೇದು ಬಂದಳು?”

ಉತ್ತರವಿಲ್ಲ. ಬಿದ್ದೇ ಬಿಟ್ಟಳು ಎಂದುಕೊಂಡೆ. ಮತ್ತೆ ಕೇಳಿದ. ಆಗ ಗಾಳಿ ಸೋರಿದಂಥ, ಹರಿದ ಒಂದು ಸದ್ದು ಕೇಳಿಸಿತು. ಕೂಗಿ ಕೂಗಿ ಕಸ್ತೂರಿಯ ಗಂಟಲು ಪೂರ್ತಿ ಕಟ್ಟಿಹೋಗಿತ್ತು.

ಶ್ರೀಶೈಲ ಬಿದ್ದು ಬಿದ್ದು ನಕ್ಕ. ಎಷ್ಟನೆಯವಳೆಂದು ಆಕೆ ಬೆರಳಲ್ಲಿ ತೋರಿಸಿರಬೇಕು. ನನಗೆ ಕಾಣಲಿಲ್ಲ.

ಈಗ ನಾನು ಕಪಾಟಿನ ಮೂಲೆಯಲ್ಲಿದ್ದೇನೆ. ಒಳಗಿನ ಗಾಜಿನ ಅಂಚಿಗೆ ಬೂಷ್ಟಿನ ಬಿಳಿ ಎಳೆಯೊಂದು ಹಬ್ಬುತ್ತಿದೆ. ಯಾರಾದರೂ ಬೆಳಕು ಬಿಟ್ಟು ನೋಡಿಯಾರೆಂದು ಇನ್ನೂ ಅಂಜುತ್ತೇನೆ. ಆದರೆ ರೇಸಿದ್ದ ಸಂಜೆಗಳಲ್ಲಿ ನನ್ನ ಗಮನವೆಲ್ಲ ಬಾಗಿಲ ಕಡೆಗಿರುತ್ತದೆ. ಗೆದ್ದ ಸುದ್ದಿಗಿಂತ ಮೊದಲು ಆ ಕಟ್ಟಿದ ಗಂಟಲು ಕೇಳಿಸಬೇಕು. ಕೇಳಿಸಿದರೆ, ಅವಳು ಹತ್ತಿರವೇ ನಿಂತಿದ್ದಳು ಎಂದು ತಿಳಿದು ಅವತ್ತಿಗೆ ಸುಮ್ಮನಾಗುತ್ತೇನೆ.