ಅರ್ಧ ದಾಟುವ ತನಕ

ಸಾಂತಿಯಾಗೋದಿಂದ ರಾಪಾನುಯಿ ದ್ವೀಪಕ್ಕೆ ಮೂರು ಸಾವಿರದ ಏಳುನೂರು ಕಿಲೋಮೀಟರ್, ನಡುವೆ ಕಾಲಿಡಲು ಒಂದು ಬಂಡೆಯೂ ಇಲ್ಲ. ಅರ್ಧ ದಾರಿಯೊಳಗೆ ಏನಾದರೂ ಆದರೆ ವಿಮಾನ ತಿರುಗುತ್ತದೆ. ದಾಟಿದ ಮೇಲೆ ಮುಂದೆ ಹೋಗಲೇಬೇಕು. ದ್ವೀಪದವರಿಗೆ ಇದು ಉಣ್ಣುವಷ್ಟು ಸಹಜ. ಸಾಂತಿಯಾಗೋದಲ್ಲೇ ಹುಟ್ಟಿ ಬೆಳೆದ ವೈತೆಯಾ ಮಾತ್ರ ಇದೇ ಮೊದಲ ಸಲ ಹೊರಟಿದ್ದಳು.

ಪಕ್ಕದಲ್ಲಿ ತಾಯಿ ಅಮೇಲಿಯಾ, ದ್ವೀಪದ ಮಾತಿನಲ್ಲಿ ಅವಳ ನುವಾ. ಮೂಗಿಗೆ ಕೊಳವೆ, ಶಾಲಿನೊಳಗೆ ಆಮ್ಲಜನಕದ ಯಂತ್ರ. ಶ್ವಾಸಕೋಶ ಕೆಟ್ಟವಳನ್ನು ಹತ್ತಿಸಿಕೊಳ್ಳುವುದಿಲ್ಲವೆಂಬ ಭಯಕ್ಕೆ ಇಬ್ಬರೂ ಯಾರಿಗೂ ಹೇಳದೆ, ಕೊಳವೆಯನ್ನೂ ಶಾಲಿನಲ್ಲಿ ಮರೆಮಾಡಿ ಹತ್ತಿದ್ದರು. ಟಿಕೆಟಿನಲ್ಲಿ ಹೊರಡುವುದು ಒಂಬತ್ತೂವರೆಗೆ, ಇಳಿಯುವುದು ಹನ್ನೆರಡು ಐವತ್ತಕ್ಕೆ. ಯಂತ್ರದ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ. ಧಾರಾಳವಾಯಿತೆಂದು ವೈತೆಯಾ ಚಾರ್ಜರನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ಸಾಮಾನಿನ ಜೊತೆ ಕಳಿಸಿಬಿಟ್ಟಿದ್ದಳು.

ಹನ್ನೊಂದು ಮುಕ್ಕಾಲಿಗೆ ಆಚೆ ಸೀಟಿನ ಮುದುಕ ತನ್ನ ಕೈಗಡಿಯಾರವನ್ನು ಎರಡು ಗಂಟೆ ಹಿಂದಕ್ಕೆ ತಿರುಗಿಸಿದ. ಯಾಕೆಂದು ಕೇಳಿದ್ದಕ್ಕೆ ನಕ್ಕ.

"ಊರಿನ ಟೈಮಮ್ಮ. ಟಿಕೆಟಲ್ಲಿ ಇಳಿಯೋದು ನಮ್ಮೂರ ಲೆಕ್ಕದಲ್ಲಿ ಬರೆದಿರ್ತಾರೆ. ಇನ್ನೂ ಮೂರು ಗಂಟೆ ಇದೆ, ಆರಾಮಾಗಿ ಮಲಕ್ಕೋ."

ವೈತೆಯಾ ಮತ್ತೆ ಲೆಕ್ಕ ಹಾಕಿದಳು. ಒಟ್ಟು ಮೂರೂ ಚಿಲ್ಲರೆ ಗಂಟೆಯಲ್ಲ, ಐದೂ ಚಿಲ್ಲರೆ ಗಂಟೆಯ ದಾರಿ. ಶಾಲು ಸರಿಸಿ ನೋಡಿದಳು. ಯಂತ್ರದಲ್ಲಿ ಉಳಿದಿದ್ದು ಒಂದೂಕಾಲು ಗಂಟೆ.

ಗಗನಸಖಿಯನ್ನು ಕರೆಯುವ ಗುಂಡಿ ಒತ್ತಲು ಕೈಯೆತ್ತಿದಾಗ ತಾಯಿ ಮಣಿಕಟ್ಟು ಹಿಡಿದಳು. ಈಗ ಹೇಳಿದರೆ ವಿಮಾನ ವಾಪಸು ತಿರುಗುತ್ತದೆ, ಇನ್ನೊಮ್ಮೆ ತನ್ನನ್ನು ಯಾರೂ ಹತ್ತಿಸುವುದಿಲ್ಲ, ಹುಟ್ಟಿದ ದ್ವೀಪ ಕಾಣದೆ ಆಸ್ಪತ್ರೆಯ ಗೋಡೆ ನೋಡುತ್ತಲೇ ಸಾಯಬೇಕು ಎಂದಳು. ಅತ್ತ ದರಿ, ಇತ್ತ ಪುಲಿ. ಆ ಹಿಡಿತ ಬಿಡಿಸಿಕೊಳ್ಳುವುದು ವೈತೆಯಾಳಿಗೆ ಕಷ್ಟವೇನೂ ಇರಲಿಲ್ಲ, ಆದರೂ ಬಿಡಿಸಿಕೊಳ್ಳಲಿಲ್ಲ. ಕಿಟಕಿಯಾಚೆ ಬರೀ ನೀರು. ತಾಯಿಯ ಉಗುರುಗಳು ನೀಲಿಗಟ್ಟುತ್ತಿವೆಯೋ, ತನ್ನ ಕಣ್ಣೇ ಮಂಜಾಗಿದೆಯೋ ತಿಳಿಯದೆ ಕೂತಳು.

ಹನ್ನೆರಡು ಹತ್ತಕ್ಕೆ, ಅರ್ಧ ದಾರಿ ದಾಟಿದೆವೆಂದು ಪೈಲಟ್ ಹೇಳಿದ. ಅಮೇಲಿಯಾ ಕೈ ಸಡಿಲಿಸಿದಳು.

"ಈಗ ಕರಿ ಅವರನ್ನ."

ವೈತೆಯಾ ಗುಂಡಿ ಒತ್ತಿದಳು. ಆಗ ಹೊಳೆಯಿತು.

"ನುವಾ, ಇಷ್ಟು ಹೊತ್ತು ಹಿಡಿಯುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ಇದೇ ದಾರೀಲಿ ಓಡಾಡಿದೀನಿ ಮಗಳೇ, ಗೊತ್ತಿರಲ್ವಾ? ನಿಂಗೆ ಹೇಳಿದ್ರೆ ನೀನು ಕರ್ಕೊಂಡು ಬರ್ತಿದ್ಯಾ?"

ಗಗನಸಖಿ ಓಡಿ ಬಂದಳು, ಬೈಯಲಿಲ್ಲ. ವಿಮಾನದಲ್ಲಿರುವುದು ಎರಡೇ ಸಿಲಿಂಡರ್, ಒಂದೊಂದು ಒಂದು ಗಂಟೆ ಬರುತ್ತದೆ, ಯಂತ್ರದಲ್ಲಿ ಉಳಿದ ಐವತ್ತು ನಿಮಿಷವೂ ಸೇರಿದರೆ ಸಾಕಾಗಬಹುದು ಎಂದಳು. ಇಳಿಯಲು ಇನ್ನೂ ಎರಡು ಗಂಟೆ ನಲವತ್ತು ನಿಮಿಷ. ಮೇಲೆ ಉಳಿಯುವುದು ಹತ್ತೇ ನಿಮಿಷವೆಂದು ವೈತೆಯಾ ಮೂರು ಸಲ ಕೂಡಿಸಿ ನೋಡಿದಳು. ತಾಯಿಯ ಮೇಲೆ ಸಿಟ್ಟು ಬಂತು. ಭಯದ ಮುಂದೆ ಅದು ನಿಲ್ಲಲಿಲ್ಲ.

ಅಮೇಲಿಯಾ ಮಗಳ ಭುಜಕ್ಕೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆಹೋದಳು. ವೈತೆಯಾ ಅವಳ ಮೂಗಿನ ಕೆಳಗೆ ಬೆರಳು ಹಿಡಿದು, ಉಸಿರು ತಾಗಿದಾಗಲೆಲ್ಲ ತಾನೂ ಒಂದು ಉಸಿರು ಎಳೆದುಕೊಳ್ಳುತ್ತಾ ಕೂತಳು.