ಭಾವನ ಕುರ್ಚಿ

“ಆ ಸೀರೆ ತಗೊಂಡು ಬಂದ ದಾರಿ ಹಿಡಿ,” ಎಂದು ಲಕ್ಕಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು.

ತಮ್ಮ ರಾಮಾಂಜಿನಪ್ಪ ಮೆಟ್ಟಿಲ ಮೇಲೇ ನಿಂತ. ಗಂಡ ಸತ್ತವಳಿಗೆ ತವರಿನ ಸೀರೆ ಬಾರದೆ ಹೆಣ ಎತ್ತುವ ಹಾಗಿಲ್ಲ. ವಿಶ್ವೇಶ್ವರಪುರದ ಆ ಮನೆಯ ಅಂಗಳದಲ್ಲಿ ಚಟ್ಟ ಕಟ್ಟಿ, ಅವಳ ಗಂಡ ವೇಣುಗೋಪಾಲರನ್ನು ಮಲಗಿಸಿಯೂ ಆಗಿತ್ತು. ಬಂದವರು ಬಿಸಿಲಲ್ಲಿ ಬೇಯುತ್ತಿದ್ದರು.

“ಹದಿನೈದು ವರ್ಷದ ಸಿಟ್ಟು, ಇವತ್ತಾದ್ರೂ ಬಿಡಕ್ಕಾ.”

“ನನ್ನ ಮನೇಲಿ ಉಂಡು, ಓದಿ, ಕೊನೆಗೆ ನನ್ನ ಗಂಡನ ಕುರ್ಚಿಗೇ ಕೈ ಹಾಕ್ದೆ. ಹೆಂಗೆ ಬಿಡ್ಲಿ ಹೇಳು?”

ಅವನು ತಲೆ ತಗ್ಗಿಸಿದ. ಎದುರು ಮಾತಾಡಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

* * *

ತೊಂಬತ್ತೊಂದರ ಜನವರಿ. ಕೊಲ್ಲಿಯಲ್ಲಿ ಯುದ್ಧ ಶುರುವಾಗಿತ್ತು. ಅಲ್ಲಿನ ಪುಟ್ಟ ದೇಶವೊಂದರಲ್ಲಿದ್ದ ನಮ್ಮ ರಾಯಭಾರಿ ಹಾಸಿಗೆ ಹಿಡಿದಿದ್ದರು. ಅವರ ಕೈಕೆಳಗಿದ್ದ ವೇಣುಗೋಪಾಲ್ ರಜೆಯ ಮೇಲೆ ಮನೆಗೆ ಬಂದಿದ್ದರು. ಹೊಸ ರಾಯಭಾರಿ ಇನ್ಯಾರು, ನಮ್ಮ ಯಜಮಾನರೇ ಎಂದು ಲಕ್ಕಮ್ಮ ಬೀದಿಗೆಲ್ಲ ಸಾರಿಬಿಟ್ಟಿದ್ದಳು.

ದೆಹಲಿಯಿಂದ ಫೋನ್ ಬಂತು. ವೇಣುಗೋಪಾಲ್ ರೂಮಿನ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದಾಗ ಮುಖದಲ್ಲಿ ಕಳೆಯಿರಲಿಲ್ಲ.

“ನಿನ್ನ ತಮ್ಮ ದೆಹಲೀಲಿ ನಮ್ಮ ಇಲಾಖೇಲೇ ಇದಾನಲ್ಲ, ನನ್ನ ಹೆಸರು ತೆಗೆಸಿ ತನ್ನದು ಹಾಕಿಸ್ಕೊಂಡ್ಬಿಟ್ಟ ಕಣೇ.”

ಅವತ್ತೇ ಅವಳು ತವರಿಗೆ ಎಳ್ಳುನೀರು ಬಿಟ್ಟಳು. ಮುಂದೆ ಅವ್ವ ತಮ್ಮನ ಮನೆಯಲ್ಲಿ ಕೊನೆಯುಸಿರು ಎಳೆಯುವಾಗ, “ಲಕ್ಕೀನ ಕರೀರಿ” ಎಂದು ಕನವರಿಸುತ್ತಿದ್ದಾಳೆಂದು ಸುದ್ದಿ ಬಂತು. ಅವಳು ಗಂಡನ ಮುಖ ನೋಡಿದಳು. ವೇಣುಗೋಪಾಲ್ ಪೇಪರ್ ಓದುತ್ತಿದ್ದರು. ಹೋಗು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವಳು ಹೋಗಲಿಲ್ಲ.

* * *

ಅಷ್ಟರಲ್ಲಿ ಹೆಣವಿದ್ದ ಅಂಗಳ ದಾಟಿ ಮುನಿರಾಮಪ್ಪನವರು ಬಾಗಿಲ ಬಳಿ ಬಂದರು. ಆ ಕಾಲದಲ್ಲಿ ದೆಹಲಿಯಲ್ಲಿ ವೇಣುಗೋಪಾಲರ ಮೇಲಧಿಕಾರಿಯಾಗಿದ್ದವರು. ಸಮಾಧಾನ ಹೇಳುವುದಕ್ಕೆಂದೇ ಬಾಯಿ ತೆರೆದರು.

“ಎಂಥಾ ದೊಡ್ಡ ಮನಸ್ಸಮ್ಮ ನಿಮ್ಮ ಯಜಮಾನರದು! ಯುದ್ಧದಾಗ ನೀವೇ ರಾಯಭಾರಿ ಆಗಿ ಹೋಗಿ ಅಂತ ನಾನೇ ಫೋನ್ ಮಾಡಿದ್ದೆ. ಬೇಡ, ನಮ್ಮ ಬಾಮೈದನ್ನ ಕಳಿಸಿ, ಹುಡುಗ ಮುಂದೆ ಬರ್ಲಿ ಅಂದ್ಬಿಟ್ರು.”

ಲಕ್ಕಮ್ಮ ತಮ್ಮನ ಕಡೆ ತಿರುಗಿದಳು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತಕ್ಕಾ. ಬಾಂಬು ಬೀಳೋ ಕಡೆ ಹೋಗಕ್ಕೆ ಭಯ ಅಂತ ನಿಮ್ಮಕ್ಕಂಗೆ ಹೆಂಗೆ ಹೇಳ್ಲೋ ಅಂತ ಭಾವ ಫೋನಲ್ಲಿ ಅತ್ತಿದ್ರು. ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಅವರ ಅನ್ನ ತಿಂದಿದ್ದೆ.”

“ಅವ್ವ ಸಾಯೋವಾಗ್ಲೂ ಬಿಡ್ಲಿಲ್ವಲ್ಲೋ ಬಾಯಿ!”

ಗಂಡನೂ ತಮ್ಮನೂ ಸೇರಿ ತನಗೆ ಮೋಸ ಮಾಡಿದ್ದರು. ಬಾಗಿಲಿಗೆ ಅಡ್ಡವಿದ್ದ ಅವಳ ಕೈ ತಾನಾಗಿಯೇ ಜಾರಿತು. ಅವನು ಒಳಗೆ ಬಂದು ಸೀರೆಯನ್ನು ಅವಳ ಮಡಿಲಿಗೆ ಹಾಕಿದ.

“ಎತ್ರಪ್ಪಾ, ಹೊತ್ತಾಯ್ತು,” ಎಂದರು ಯಾರೋ. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು.

“ಇಳಿಸಿ!” ಲಕ್ಕಮ್ಮ ಓಡಿ ಬಂದು ಬಿದಿರು ಹಿಡಿದಳು. “ಒಂದು ಮಾತು ಕೇಳ್ಬೇಕು ಇವರನ್ನ. ಇಳಿಸಿ!”

“ಎತ್ತಿದ ಮೇಲೆ ಇಳಿಸಬಾರದು ತಾಯಿ.”

ಪಾಪ, ದುಃಖ ತಡೆಯಲಾರಳು ಎಂದು ಹೆಂಗಸರು ಕಣ್ಣೊರೆಸಿಕೊಂಡು ಅವಳ ಬೆರಳುಗಳನ್ನು ಬಿಡಿಸತೊಡಗಿದರು. ಅವಳು ಬಿಡಲಿಲ್ಲ, ಇನ್ನೂ ಜೋರಾಗಿ ಜಗ್ಗಿದಳು. ಆ ಎಳೆದಾಟಕ್ಕೆ ಚಟ್ಟ ವಾಲಿ, ವೇಣುಗೋಪಾಲರ ಮುಖ ಮೆಲ್ಲಗೆ ಆಚೆ ಪಕ್ಕಕ್ಕೆ ಹೊರಳಿತು.