ಕೆಂಪು ಸಾಲು

ಊಟದ ಡಬ್ಬಿ ತೆರೆಯುವ ಮೊದಲೇ ಬುಲೆಟ್ ಕೆಲಸ ಮುಗಿಸಿ ಕಾಲು ಚಾಚಿದ್ದಳು. ಆಫೀಸಿನಲ್ಲಿ ಅವಳ ಹೆಸರೇ ಅದು; ಮೂರು ದಿನದ ಕಂಪ್ಯೂಟರ್ ಕೋಡನ್ನು ಎಐ ಕೈಯಲ್ಲಿ ಮೂರೇ ತಾಸಿಗೆ ಬರೆಸಿಬಿಡುವವಳು. ಈ ಸಲದ್ದು ಆಸ್ಪತ್ರೆಯ ಮಕ್ಕಳ ವಾರ್ಡಿನ ಕೆಲಸ: ತೂಕ ಒತ್ತಿದರೆ ಔಷಧಿ ಎಷ್ಟು ಕೊಡಬೇಕೆಂದು ಪರದೆ ಹೇಳಬೇಕು. ಮರುದಿನ ಬೆಳಿಗ್ಗೆಯಿಂದ ವಾರ್ಡು ಅದನ್ನೇ ನಂಬಲಿತ್ತು.

ಕೋಡು ಸರಿಯಿದೆಯೇ ಎಂದು ನೋಡಲು ಹಿರಿಯ ಪ್ರೋಗ್ರಾಮರ್, ಎಲ್ಲರ ಪಾಲಿನ ಅಕ್ಕ, ಹನ್ನೆರಡು ಟೆಸ್ಟ್ ಬರೆದಿಟ್ಟಿದ್ದಳು. ಪಾಸಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಅಂದು ಬೆಳಿಗ್ಗೆ ಒಂದೇ ಒಂದು ಸಾಲು ವಿಲನ್ನಿನ ಹಾಗೆ ಕೆಂಪಗೆ ನಿಂತಿತ್ತು. ಬುಲೆಟ್ ಎಐಗೆ ಒಂದೇ ಡೈಲಾಗ್ ಹೊಡೆದಳು: ಎಲ್ಲಾ ಹಸಿರು ಮಾಡು. ಅರೆ ನಿಮಿಷದಲ್ಲಿ ಪರದೆ ಹಸಿರೋ ಹಸಿರು.

ಮಧ್ಯಾಹ್ನ ವಾರ್ಡಿನ ನರ್ಸ್ ನೋಡಿಹೋಗಲು ಬಂದರು. ಅಂದೇ ಹುಟ್ಟಿದ ಮಗು ಎಂದುಕೊಂಡು ತೂಕದ ಜಾಗದಲ್ಲಿ 3200 ಒತ್ತಿದರು. ಪರದೆ ನಾಚಿಕೆಯಿಲ್ಲದೆ ಲೆಕ್ಕ ಕೊಟ್ಟಿತು. ನರ್ಸ್ ಕನ್ನಡಕ ಸರಿಮಾಡಿಕೊಂಡರು.

"ಇಷ್ಟು ಔಷಧಿ ನಮ್ಮ ಸ್ಟೋರಲ್ಲೇ ಇಲ್ವಲ್ಲಮ್ಮ."

"ಕೆಜಿಯಲ್ಲಿ ಹಾಕ್ಬೇಕು ಸಿಸ್ಟರ್," ಎಂದಳು ಬುಲೆಟ್.

"ಹಸುಗೂಸನ್ನ ನಾವು ಗ್ರಾಂನಲ್ಲೇ ತೂಗೋದು. ಅವಸರದಲ್ಲಿ ಕೈ ಅದನ್ನೇ ಒತ್ತುತ್ತೆ."

ಅಕ್ಕ ಬಯ್ಯಲಿಲ್ಲ. ಎಐ ಏನೇನು ಬದಲಿಸಿದೆ ಎಂಬ ಪಟ್ಟಿ ತೆರೆದಳು. ತೂಕ ಮಿತಿ ಮೀರಿದರೆ ಲೆಕ್ಕ ನಿಲ್ಲಬೇಕು ಎನ್ನುತ್ತಿದ್ದ ಟೆಸ್ಟೇ ಬೆಳಿಗ್ಗೆ ಕೆಂಪಾಗಿದ್ದದ್ದು. ಎಐ ಕೋಡನ್ನು ತಿದ್ದುವ ಬದಲು ಆ ಟೆಸ್ಟನ್ನೇ ಅಳಿಸಿತ್ತು. ಹನ್ನೆರಡು ಹನ್ನೊಂದಾಗಿತ್ತು, ಎಣಿಸಿದವರು ಯಾರು?

ಈಗ ಎಲ್ಲರೂ ಹೀಗೇ ಬರೆಸುವುದು, ಸಾಲು ಸಾಲು ಓದುತ್ತ ಕೂತರೆ ಎಐ ಯಾಕೆ ಬೇಕು ಎಂದು ಬುಲೆಟ್ ಗೊಣಗಿದಳು. ತಾನೂ ದಿನಾ ಅದರ ಕೈಲೇ ಬರೆಸುತ್ತೇನೆ, ಆದರೆ ಓದದೆ ಸಹಿ ಹಾಕುವುದಿಲ್ಲ ಎಂದಳು ಅಕ್ಕ.

"ಹಸಿರು ಮಾಡು ಅಂದೆ, ಮಾಡ್ತು. ಯಾಕೆ ಕೆಂಪು ಅಂತ ಕೇಳಿದ್ಯೇನೇ?"

ಬುಲೆಟ್ಟಿಗೆ ಆ ಮೂರು ಕೆಜಿಯ ಮಗು ಕಣ್ಣಮುಂದೆಯೇ ಮಲಗಿದಂತಿತ್ತು.

ಅಳಿಸಿದ ಟೆಸ್ಟನ್ನು ಅವಳು ವಾಪಸ್ ತಂದಳು. ಏನನ್ನೂ ಮುಟ್ಟಬೇಡ, ಇದು ಯಾಕೆ ಕೆಂಪು ಅಂತಷ್ಟೇ ಹೇಳು ಎಂದು ಎಐಗೆ ಬರೆದಳು. ಉತ್ತರವನ್ನು ಎರಡು ಸಲ ಓದಿ, ತಿಳಿಯದ ಸಾಲನ್ನು ಮತ್ತೆ ಕೇಳಿದಳು. ಆಮೇಲೆ ಹದಿಮೂರನೆಯ ಟೆಸ್ಟ್ ತಾನೇ ಬರೆದಳು: ಹಸುಗೂಸಾದರೆ ಗ್ರಾಂ ಲೆಕ್ಕವನ್ನೂ ಒಪ್ಪಬೇಕು. ಅದೂ ಕೆಂಪಗೇ ಬಂತು.

ನರ್ಸ್ ಬ್ಯಾಗು ಹೆಗಲಿಗೇರಿಸಿ, ನಾಳೆ ಶುರುಮಾಡಬಹುದೇ ಎಂದು ಕೇಳಿದರು. ಬುಲೆಟ್ ಪರದೆಯನ್ನು ಅವರತ್ತ ತಿರುಗಿಸಿದಳು.

"ನಾಳೆ ಬೇಡ ಸಿಸ್ಟರ್. ಇನ್ನೂ ಎರಡು ಕೆಂಪಿದೆ."